ಕಾಸಿಗೆ ತಕ್ಕ ಕಜ್ಜಾಯವೇ ಮನೆಗೆ ಬಂದ ಸಿನಿಮಾ?

2022ರ ಏಪ್ರಿಲ್ 14ರಂದು ‘ಕೆಜಿಎಫ್ ಚಾಪ್ಟರ್ 2’ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಒಂದು ತಿಂಗಳು ಕಳೆದು, ಮೇ 16ರಂದು, ಅದೇ ಚಿತ್ರ ಅಮೆಜಾನ್ ಪ್ರೈಮ್ ವಿಡಿಯೊ ಮೂಲಕ ಮನೆ ಬಾಗಿಲಿಗೆ ಬಂತು. ಬಾಡಿಗೆ 199 ರೂಪಾಯಿ. ಹಣ ಕಟ್ಟಿದವರು 30 ದಿನಗಳೊಳಗೆ ನೋಡಲು ಆರಂಭಿಸಬೇಕು. ಆರಂಭಿಸಿದ 48 ಗಂಟೆಗಳೊಳಗೆ ಮುಗಿಸಬೇಕು. ಜೂನ್ 3ರಂದು ಅದೇ ಸಂಸ್ಥೆ ತನ್ನ ಚಂದಾದಾರರಿಗೆಲ್ಲ ಆ ಚಿತ್ರವನ್ನು ಬಾಡಿಗೆಯಿಲ್ಲದೆ ತೋರಿಸಿತು. ಅಂದರೆ, ಮೊದಲೇ ಚಂದಾ ಕಟ್ಟಿದ್ದೂ ಬಾಡಿಗೆ ತೆತ್ತು ನೋಡಿದವರು ಕೊಟ್ಟ 199 ರೂಪಾಯಿ ಚಿತ್ರದ ಬೆಲೆಯಲ್ಲ, ಹದಿನೆಂಟು ದಿನಗಳ ಅವಸರದ ಬೆಲೆ.

ಹಾಗಾದರೆ ಅದು ದುಬಾರಿಯೇ, ಅಗ್ಗವೇ? ಬೆಂಗಳೂರಿನ ಮಾಲ್‌ನಲ್ಲಿ ಪಾಪ್‌ಕಾರ್ನ್‌ಗೇ ಅದಕ್ಕಿಂತ ಹೆಚ್ಚು ತೆರುವವರಿಗೆ ಈ ಪ್ರಶ್ನೆ ಪ್ರಶ್ನೆಯೇ ಅಲ್ಲ. ಆದರೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂತಹ ಊರಿನಲ್ಲಿ ನಿಂತು ನೋಡಿದಾಗ ಲೆಕ್ಕ ಬೇರೆಯೇ ಆಗುತ್ತದೆ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ, ಬೇಸಾಯವೇ ಬದುಕಾದ ಈ ಸೀಮೆಯಲ್ಲಿ ಸಿನಿಮಾ ಎಂಬುದು ಒಂದೋ ಹೊರಗಿನಿಂದ ಊರಿಗೆ ಬರಬೇಕಿತ್ತು, ಇಲ್ಲವೇ ಊರಿನವರು ಅದನ್ನು ಹುಡುಕಿಕೊಂಡು ಹೋಗಬೇಕಿತ್ತು. ಈಗ ಅದು ಅಂಗೈಯೊಳಗಿದೆ. ಆದರೆ ಅಂಗೈಯಲ್ಲಿರುವುದೆಲ್ಲ ನಮ್ಮದೇ ಎನ್ನುವಂತಿಲ್ಲ.

ಟೆಂಟಿನಿಂದ ಡೆಕ್ಕಿಗೆ

ಹಳೆಯ ಮೈಸೂರು ಭಾಗದ ಹಳ್ಳಿಗಳಿಗೆ ಸಿನಿಮಾ ತಂದದ್ದು ಟೂರಿಂಗ್ ಟಾಕೀಸ್. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಟೆಂಟು ಏಳುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ದರ್ಜೆಗಳು. ದರ್ಜೆಗೆ ತಕ್ಕ ದರ. ಗ್ರಾಹಕನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆ ಎಂಬ ಗೊಂದಲವೇ ಇರಲಿಲ್ಲ. ಒಂದು ಆಟ, ಒಂದು ಟಿಕೆಟ್. ಆಟ ಮುಗಿದರೆ ವ್ಯವಹಾರವೂ ಮುಗಿಯಿತು.

ಎಂಬತ್ತರ ದಶಕದಲ್ಲಿ ವಿಡಿಯೊ ಕ್ಯಾಸೆಟ್ ಬಂತು. ಪೇಟೆಯಿಂದ ಡೆಕ್ ಮತ್ತು ಟಿ.ವಿ.ಯನ್ನು ಬಾಡಿಗೆಗೆ ತಂದು, ಹಬ್ಬಕ್ಕೋ ಜಾತ್ರೆಗೋ ರಾತ್ರಿಯಿಡೀ ಮೂರು ನಾಲ್ಕು ಚಿತ್ರ ಹಾಕುವುದು ರೂಢಿಯಾಯಿತು. ಬಾಡಿಗೆಯನ್ನು ಬೀದಿಯವರು ಹಂಚಿಕೊಳ್ಳುತ್ತಿದ್ದರು. ಭಾನುವಾರ ಸಂಜೆ ದೂರದರ್ಶನದ ಕನ್ನಡ ಚಿತ್ರವಂತೂ ಪುಕ್ಕಟೆ. 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ, ಕೇಬಲ್ಲಿನವನಿಗೆ ತಿಂಗಳ ಬಾಡಿಗೆ ಕೊಟ್ಟರೆ ದಿನಕ್ಕೊಂದು ಚಿತ್ರ ನೋಡುವ ಕಾಲ ಬಂತು.

ಸಿನಿಮಾವನ್ನು ಸ್ವಂತಕ್ಕೆ ಕೊಳ್ಳುವುದು ಸಾಮಾನ್ಯರಿಗೆ ಸಾಧ್ಯವಾದದ್ದು ವಿಸಿಡಿ, ಡಿವಿಡಿಗಳ ಕಾಲದಲ್ಲಿ. ಆರಂಭದಲ್ಲಿ ಅಸಲಿ ಡಿಸ್ಕಿನ ಬೆಲೆ ಹೆಚ್ಚು. ಪಾದಚಾರಿ ಮಾರ್ಗದ ನಕಲಿ ಅಗ್ಗ. 2007ರಲ್ಲಿ ಮೋಸರ್ ಬೇರ್ ಸಂಸ್ಥೆ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಅಸಲಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ನಕಲಿಯ ಬೆಲೆಗೇ ಅಸಲಿ ಸಿಗುವಾಗ ನಕಲಿಯೇಕೆ ಎಂಬುದು ಅದರ ವಾದ. ಕಾಲ ಮಾತ್ರ ಡಿಸ್ಕಿನ ಕಡೆಗಿರಲಿಲ್ಲ. ಅಂತರಜಾಲ ಬೆಳೆಯಿತು, ಡಿಸ್ಕ್ ಹಾಕುವ ಯಂತ್ರಗಳೇ ಮನೆಗಳಿಂದ ಮರೆಯಾದವು. ಸೌರಫಲಕದ ವ್ಯವಹಾರಕ್ಕೂ ಕೈಹಾಕಿ ಸಾಲದಲ್ಲಿ ಸಿಲುಕಿದ್ದ ಆ ಸಂಸ್ಥೆ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಚ್ಚುವ ಹಂತಕ್ಕೆ ಬಂತು. ಆದರೆ ಆಗ 28 ರೂಪಾಯಿಗೆ ಕೊಂಡ ಡಿಸ್ಕು, ಗೀರು ಬೀಳದಂತೆ ಕಾಪಾಡಿಕೊಂಡವರ ಮನೆಯಲ್ಲಿ ಇಂದಿಗೂ ಓಡುತ್ತದೆ. ಮಾರಿದ ಸಂಸ್ಥೆ ಬಾಗಿಲು ಹಾಕಿದ್ದು ಆ ಡಿಸ್ಕಿಗೆ ಗೊತ್ತೇ ಇಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಇಂದಿನ ಡೌನ್‌ಲೋಡಿನ ಗುಟ್ಟು ಸುಲಭವಾಗಿ ಅರ್ಥವಾಗುತ್ತದೆ.

ತಲೆ ಎಣಿಸಿ ಲೆಕ್ಕ ಹಾಕಿ

ಮೊದಲು ಹಣದ ಲೆಕ್ಕ. ಸಿಂಧಘಟ್ಟದ ಗಂಡ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳ ಸಂಸಾರವೊಂದು ಹೊಸ ಚಿತ್ರ ನೋಡಲು ಮೈಸೂರಿಗೆ ಹೊರಟಿತು ಎಂದು ಭಾವಿಸೋಣ. ಟಿಕೆಟ್ ತಲಾ 150 ರೂಪಾಯಿ ಎಂದಿಟ್ಟುಕೊಂಡರೂ 600 ರೂಪಾಯಿ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿ ಮಗಳ ಪ್ರಯಾಣ ಉಚಿತ. ತಂದೆ ಮಗನದು ಮಾತ್ರ ಖರ್ಚು. ಮೇಲೆ ಊಟ, ಕಾಫಿ, ಒಂದು ದಿನದ ಕೆಲಸ. ಇದರ ಮುಂದೆ ಮನೆಯಲ್ಲೇ 199 ರೂಪಾಯಿಗೆ ನಾಲ್ವರು ನೋಡಿದರೆ ತಲೆಗೆ 50 ರೂಪಾಯಿಯೂ ಬೀಳುವುದಿಲ್ಲ. ಅಜ್ಜ ಅಜ್ಜಿಯೂ ಸೇರಿದರೆ ತಲೆಗೆ 33 ರೂಪಾಯಿ.

ಆದರೆ ಅದೇ ಚಿತ್ರವನ್ನು ಯುವಕನೊಬ್ಬ ಒಬ್ಬನೇ ಮೊಬೈಲಿನ ಆರಂಗುಲದ ಪರದೆಯಲ್ಲಿ ನೋಡಿದರೆ? ತಾಲ್ಲೂಕು ಕೇಂದ್ರದ ಸಾಧಾರಣ ಚಿತ್ರಮಂದಿರದ ಟಿಕೆಟ್ಟಿಗಿಂತ ಹೆಚ್ಚು ಕೊಟ್ಟು, ಅದಕ್ಕಿಂತ ಬಹಳ ಕಡಿಮೆ ಪಡೆದಂತೆ. ಬಾಡಿಗೆ ಸಿನಿಮಾದ ಬೆಲೆ ಕಣ್ಣುಗಳ ಸಂಖ್ಯೆಯಿಂದ ಭಾಗವಾಗುತ್ತದೆ ಎಂಬುದೇ ಮೊದಲ ಸೂತ್ರ.

ಎರಡನೆಯದು, ಕಾಣದ ಖರ್ಚು. ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ 0.7 ಜಿ.ಬಿ., ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ 3 ಜಿ.ಬಿ.ವರೆಗೆ ಡೇಟಾ ಬೇಕೆಂದು ನೆಟ್‌ಫ್ಲಿಕ್ಸ್ ಸಂಸ್ಥೆ ತನ್ನ ಗ್ರಾಹಕರಿಗೆ ಲೆಕ್ಕ ಕೊಡುತ್ತದೆ. 168 ನಿಮಿಷಗಳ ‘ಕೆಜಿಎಫ್ 2’ಕ್ಕೆ ಇದನ್ನು ಹಚ್ಚಿದರೆ ಸಾಧಾರಣಕ್ಕೇ ಸುಮಾರು 2 ಜಿ.ಬಿ., ಎಚ್‌ಡಿಗೆ 8 ಜಿ.ಬಿ.ಗೂ ಮೇಲು. ದಿನಕ್ಕೆ ಒಂದೂವರೆ ಎರಡು ಜಿ.ಬಿ.ಯ ಪ್ಯಾಕ್ ಹಾಕಿಸಿಕೊಂಡವರಿಗೆ ಕ್ಲೈಮ್ಯಾಕ್ಸ್ ಹೊತ್ತಿಗೆ ಡೇಟಾ ಮುಗಿದಿರುತ್ತದೆ. ನಡುವೆ ಕರೆಂಟು ಹೋದರೂ, ಟವರಿನ ಸಿಗ್ನಲ್ ಕುಂಟಿದರೂ 48 ಗಂಟೆಗಳ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಮನೆಗೆ ತಂತಿಯ ಬ್ರಾಡ್‌ಬ್ಯಾಂಡ್ ಇಲ್ಲದವರು ಚಿತ್ರವನ್ನು ಮೊದಲು ಇಳಿಸಿಕೊಂಡು, ಅನಂತರ ನೋಡುವುದೇ ಲೇಸು. ಡೌನ್‌ಲೋಡ್ ಎಂಬ ಸೌಲಭ್ಯ ನಿಜವಾಗಿ ಬೇಕಿರುವುದು ನಗರಕ್ಕಿಂತ ಹಳ್ಳಿಗೆ.

ಮೂರನೆಯದು, ಚಂದಾ. ಪ್ರೈಮ್‌ನ ವಾರ್ಷಿಕ ಚಂದಾ 2021ರ ಡಿಸೆಂಬರ್‌ನಲ್ಲಿ 1,499 ರೂಪಾಯಿಗೆ ಏರಿತು. ತಿಂಗಳಿಗೆ ಸುಮಾರು 125 ರೂಪಾಯಿ. ತಿಂಗಳಿಗೆ ನಾಲ್ಕು ಚಿತ್ರ ನೋಡುವ ಮನೆಗೆ ಚಿತ್ರಕ್ಕೆ 31 ರೂಪಾಯಿ. ಮೂರು ತಿಂಗಳಿಗೊಂದು ನೋಡುವವರಿಗೆ ಚಿತ್ರಕ್ಕೆ 375 ರೂಪಾಯಿ. ಎರಡನೆಯವರಿಗೆ ಚಂದಾಕ್ಕಿಂತ ಬಾಡಿಗೆಯೇ ಅಗ್ಗ. ಚಂದಾದಲ್ಲಿ ಇನ್ನೊಂದು ತೊಡಕೂ ಇದೆ. ಏನು ಸಿಗುತ್ತದೆ ಎಂಬುದು ವರ್ಷದ ನಡುವೆಯೇ ಬದಲಾಗಬಹುದು. 2025ರ ಜೂನ್ 17ರಿಂದ ಪ್ರೈಮ್ ವಿಡಿಯೊ ಭಾರತದಲ್ಲಿ ಚಿತ್ರಗಳ ನಡುವೆ ಜಾಹೀರಾತು ತೋರಿಸಲಾರಂಭಿಸಿತು. ಜಾಹೀರಾತು ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ ಎಂದಿತು.

ಇಳಿಸಿಕೊಂಡದ್ದು ಎಲ್ಲಿರುತ್ತದೆ?

ಹಣ ಕೊಟ್ಟು ಇಳಿಸಿಕೊಂಡ ಚಿತ್ರ ಫೋನಿನೊಳಗೇ ಇರುತ್ತದೆ, ನಿಜ. ಆದರೆ ಅದು ಬೀಗ ಹಾಕಿದ ಪೆಟ್ಟಿಗೆ. ಚಿತ್ರದ ಕಡತವನ್ನು ಸಂಕೇತಾಕ್ಷರಗಳಲ್ಲಿ ಅಡಗಿಸಿಟ್ಟಿರುತ್ತಾರೆ. ತೆರೆಯುವ ಕೀಲಿಕೈ ಕಂಪನಿಯ ಬಳಿ. ಆ್ಯಪ್ ತೆರೆದಾಗ ಕೀಲಿ ಬರುತ್ತದೆ, ಅವಧಿ ಮುಗಿದಾಗ ಕೀಲಿ ಸಾಯುತ್ತದೆ. ಪೆಟ್ಟಿಗೆ ಅಲ್ಲೇ ಇದ್ದರೂ ತೆರೆಯುವುದಿಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಟಿ.ವಿ.ಗೆ ಚುಚ್ಚುವಂತಿಲ್ಲ, ಪಕ್ಕದ ಮನೆಯವರ ಫೋನಿಗೆ ಕಳಿಸುವಂತಿಲ್ಲ. ವಿಸಿಡಿಯನ್ನು ‘ನೋಡಿ ಕೊಡಿ’ ಎಂದು ಕೊಟ್ಟಂತೆ ಕೊಡಲೂ ಬಾರದು. ಬೀದಿಯಲ್ಲಿ ಪರದೆ ಕಟ್ಟಿ ಗಣೇಶನ ಹಬ್ಬಕ್ಕೆ ತೋರಿಸುವಂತೆಯೂ ಇಲ್ಲ. ಬಾಡಿಗೆ ಮನೆಯೊಳಗಿನ ವೀಕ್ಷಣೆಗೆ ಮಾತ್ರ. ಹಿಂದೆ ಕ್ಯಾಸೆಟ್ಟು, ಡಿಸ್ಕುಗಳ ಮೇಲೂ ಇದೇ ಎಚ್ಚರಿಕೆ ಅಚ್ಚಾಗಿರುತ್ತಿತ್ತು. ಆಗ ಅದನ್ನು ಓದುವವರು ಕಡಿಮೆ, ಈಗ ಯಂತ್ರವೇ ಅದನ್ನು ಓದಿ ಪಾಲಿಸುತ್ತದೆ. ಇಷ್ಟೇ ವ್ಯತ್ಯಾಸ.

ಬಾಡಿಗೆಯ ವಿಷಯದಲ್ಲಿ ಇದು ನ್ಯಾಯವೇ. ಬಾಡಿಗೆಗೆ ತಂದ ಸೈಕಲ್ಲನ್ನು ಹಿಂದಿರುಗಿಸಲೇಬೇಕು. ತಕರಾರು ಹುಟ್ಟುವುದು ‘ಖರೀದಿ’ ಎಂಬ ಗುಂಡಿಯಲ್ಲಿ. ಕೆಲವು ಸಂಸ್ಥೆಗಳು ಬಾಡಿಗೆಯ ಪಕ್ಕದಲ್ಲೇ ಹೆಚ್ಚಿನ ಬೆಲೆಗೆ ‘ಖರೀದಿ’ಯನ್ನೂ ಇಟ್ಟಿವೆ. ಹೆಚ್ಚು ಕೊಟ್ಟವರು ಚಿತ್ರ ತಮ್ಮದಾಯಿತು ಎಂದು ನಂಬುತ್ತಾರೆ. ಕರಾರಿನ ಸಣ್ಣ ಅಕ್ಷರಗಳು ಬೇರೆಯೇ ಹೇಳುತ್ತವೆ: ಗ್ರಾಹಕ ಕೊಂಡದ್ದು ಚಿತ್ರವನ್ನಲ್ಲ, ಆ ಸಂಸ್ಥೆಯ ಬಳಿ ಹಕ್ಕು ಇರುವಷ್ಟು ಕಾಲ ನೋಡುವ ಅನುಮತಿಯನ್ನು.

ಇದು ಬರೀ ಭಯವಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ವಿದ್ಯುನ್ಮಾನ ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ಜನ ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳು ಅವರ ಯಂತ್ರಗಳಿಂದ ಮಾಯವಾದವು. ಕಂಪನಿ ಹಣ ಹಿಂದಿರುಗಿಸಿತು, ಪುಸ್ತಕ ಹಿಂದಿರುಗಲಿಲ್ಲ. ಅದೇ ಕಂಪನಿ 2025ರ ಜುಲೈನಲ್ಲಿ ಸಿನಿಮಾ ಮಾರಾಟವನ್ನೂ ನಿಲ್ಲಿಸಿತು. ಈ ಬಾರಿ ಈಗಾಗಲೇ ಕೊಂಡವುಗಳನ್ನು ನೋಡಲು ಅಡ್ಡಿಯಿಲ್ಲ ಎಂದಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವಂತೂ ಇದಕ್ಕೆಂದೇ ಕಾನೂನು ತಂದಿದೆ. 2025ರ ಜನವರಿ 1ರಿಂದ ಅಲ್ಲಿ, ಬರಿಯ ಅನುಮತಿಯನ್ನು ಮಾರುವವರು ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಪದವನ್ನು ಬಳಸುವಂತಿಲ್ಲ.

ಕನ್ನಡದಲ್ಲೂ ಇದರ ನೆರಳು ಕಾಣುತ್ತದೆ. 2022ರ ಜೂನ್ 10ರಂದು ಬಿಡುಗಡೆಯಾದ ‘777 ಚಾರ್ಲಿ’ ಅದೇ ಜುಲೈ 29ರಂದು ವೂಟ್ ಸೆಲೆಕ್ಟ್‌ನಲ್ಲಿ ಬಂತು. ಮರುವರ್ಷ ವೂಟ್ ಎಂಬ ಹೆಸರೇ ಜಿಯೊಸಿನಿಮಾದಲ್ಲಿ ಲೀನವಾಯಿತು. 2025ರ ಫೆಬ್ರುವರಿಯಲ್ಲಿ ಜಿಯೊಸಿನಿಮಾ ಕೂಡ ಹಾಟ್‌ಸ್ಟಾರ್ ಜೊತೆಗೂಡಿ ಜಿಯೊಹಾಟ್‌ಸ್ಟಾರ್ ಆಯಿತು. ಮೂರು ವರ್ಷದೊಳಗೆ ಅಂಗಡಿಯ ಫಲಕ ಎರಡು ಸಲ ಬದಲಾಯಿತು. 2022ರ ನವೆಂಬರ್ 24ರಂದು ‘ಕಾಂತಾರ’ ಪ್ರೈಮ್‌ಗೆ ಬಂದಾಗ, ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಹೂಡಿದ್ದ ಹಕ್ಕುಸ್ವಾಮ್ಯದ ಮೊಕದ್ದಮೆಯಿಂದಾಗಿ ‘ವರಾಹ ರೂಪಂ’ ಹಾಡಿನ ಮೂಲ ಧಾಟಿ ಅದರಲ್ಲಿರಲಿಲ್ಲ. ಚಿತ್ರಮಂದಿರದಲ್ಲಿ ಕೇಳಿ ಮೈನವಿರೇಳಿಸಿಕೊಂಡಿದ್ದವರಿಗೆ ನಿರಾಸೆಯಾಯಿತು. ಡಿಸೆಂಬರ್‌ನಲ್ಲಿ ಹಳೆಯ ಧಾಟಿ ಮರಳಿತು. ಡಿಸ್ಕಿನಲ್ಲಿದ್ದ ಹಾಡನ್ನು ಯಾರೂ ರಾತ್ರೋರಾತ್ರಿ ಬದಲಿಸಲಾರರು. ದೂರದ ಯಂತ್ರದಲ್ಲಿರುವ ಚಿತ್ರವನ್ನು ಬದಲಿಸಬಹುದು.

ಹಣ ಯಾರಿಗೆ ಸೇರುತ್ತದೆ?

ಪ್ರೇಕ್ಷಕ ಕೊಡುವ ಹಣಕ್ಕೆ ಇನ್ನೊಂದು ಮುಖವೂ ಇದೆ. ಅದು ಚಿತ್ರ ಮಾಡಿದವರನ್ನು ಮುಟ್ಟುತ್ತದೆಯೇ? ಚಂದಾದ ಹಣ ನೂರಾರು ಚಿತ್ರಗಳ ನಡುವೆ ಹಂಚಿಹೋಗುತ್ತದೆ. ದೊಡ್ಡ ತಾರೆಯರಿಲ್ಲದ ಕನ್ನಡ ಚಿತ್ರಗಳಿಗೆ ಮುಂಗಡವಾಗಿ ಹಣ ಕೊಡದೆ, ಜನ ನೋಡಿದ ಗಂಟೆಗಳ ಲೆಕ್ಕದಲ್ಲಿ ಕಾಸು ಕೊಡುವ ಪದ್ಧತಿಯ ಬಗ್ಗೆ ನಿರ್ಮಾಪಕರ ಅಸಮಾಧಾನ ಹಳೆಯದು. ಚಿತ್ರಕ್ಕೊಂದು ಬೆಲೆ ಎಂಬ ಪದ್ಧತಿಯಲ್ಲಿ ಈ ಸಂಬಂಧ ನೇರ: ನೋಡಿದವರು ಕೊಡುತ್ತಾರೆ, ಮಾಡಿದವರು ಪಡೆಯುತ್ತಾರೆ.

ಈ ನೇರ ದಾರಿಯನ್ನು ಹುಡುಕಿದವರು ಕನ್ನಡದಲ್ಲಿದ್ದಾರೆ. ಪವನ್ ಕುಮಾರ್ 2013ರ ‘ಲೂಸಿಯಾ’ ಚಿತ್ರಕ್ಕೆ ನೂರಕ್ಕೂ ಹೆಚ್ಚು ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಅಂತರಜಾಲದಲ್ಲಿ ಹಣ ಕೊಟ್ಟು ಕನ್ನಡ ಚಿತ್ರ ನೋಡುವ ‘ಹೋಮ್ ಟಾಕೀಸ್’ ಎಂಬ ಪ್ರಯತ್ನದ ಹಿಂದೆಯೂ ಅವರೇ ಇದ್ದರು. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ಬೆಂಬಲಿಸಿದ ‘ಏಕಂ’ ಎಂಬ ಏಳು ಕಥೆಗಳ ಸರಣಿಗೆ ಯಾವ ದೊಡ್ಡ ಒಟಿಟಿಯೂ ಮುಂದೆ ಬರಲಿಲ್ಲ. ಕರಾವಳಿಯ ಬದುಕನ್ನು ಕುರಿತ ಈ ಸರಣಿಯನ್ನು 2024ರ ಜುಲೈ 13ರಂದು ತಮ್ಮದೇ ತಾಣ ಕಟ್ಟಿ 149 ರೂಪಾಯಿಗೆ ಜನರ ಮುಂದಿಟ್ಟರು.

ತಮಿಳಿನಲ್ಲಿ ಕಮಲಹಾಸನ್ ಇದಕ್ಕೂ ಮೊದಲೇ ಸಾಹಸಕ್ಕಿಳಿದಿದ್ದರು. 2013ರ ಜನವರಿಯಲ್ಲಿ ‘ವಿಶ್ವರೂಪಂ’ ಚಿತ್ರವನ್ನು ಚಿತ್ರಮಂದಿರಕ್ಕಿಂತ ಮುಂಚೆ ಡಿಟಿಎಚ್ ಮೂಲಕ ಒಂದು ಸಾವಿರ ರೂಪಾಯಿಗೆ ಮನೆಗಳಲ್ಲಿ ತೋರಿಸುವ ಯೋಜನೆ ಅವರದು. ಚಿತ್ರಮಂದಿರಗಳ ಮಾಲೀಕರು ತಿರುಗಿಬಿದ್ದರು; ಯೋಜನೆ ಮುಂದೆ ಸಾಗಲಿಲ್ಲ. ಕೇರಳ ಸರ್ಕಾರ 2024ರ ಮಾರ್ಚ್ 7ರಂದು ‘ಸಿ ಸ್ಪೇಸ್’ ಎಂಬ ತನ್ನದೇ ಒಟಿಟಿ ಆರಂಭಿಸಿ, ಚಂದಾ ಇಲ್ಲದೆ ಚಿತ್ರವೊಂದಕ್ಕೆ 75 ರೂಪಾಯಿ ಎಂದು ದರ ನಿಗದಿ ಮಾಡಿತು. ಅದರಲ್ಲಿ ಅರ್ಧ ಚಿತ್ರ ಮಾಡಿದವರಿಗೆ. ಕರ್ನಾಟಕದಲ್ಲೂ 2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗೆ ಸರ್ಕಾರಿ ಒಟಿಟಿ ವೇದಿಕೆಯ ಘೋಷಣೆಯಾಯಿತು. ಚಿತ್ರಮಂದಿರದ ಟಿಕೆಟ್ಟಿಗೆ 200 ರೂಪಾಯಿಯ ಮಿತಿಯೂ ಅದೇ ಬಜೆಟ್ಟಿನ ಮಾತು. ಸೆಪ್ಟೆಂಬರ್‌ನಲ್ಲಿ ಅದಕ್ಕೆ ನಿಯಮ ಬಂತು, ಅದೇ ತಿಂಗಳು ಹೈಕೋರ್ಟಿನ ತಡೆಯೂ ಬಂತು. ಮನೆಯ ಸಿನಿಮಾದ ಬೆಲೆಗೆ ಮಿತಿ ಹಾಕುವ ಮಾತನ್ನು ಆ ನಿಯಮ ಆಡಿರಲಿಲ್ಲ.

ಪುಕ್ಕಟೆಯ ಬೆಲೆ

ಇಷ್ಟೆಲ್ಲ ಲೆಕ್ಕ ಯಾಕೆ, ಪುಕ್ಕಟೆ ಸಿಗುವಾಗ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಪೇಟೆಯ ಮೊಬೈಲ್ ಅಂಗಡಿಗಳಲ್ಲಿ ಇಪ್ಪತ್ತೋ ಮೂವತ್ತೋ ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ಹಾಡು, ಸಿನಿಮಾ ತುಂಬಿಸಿಕೊಡುತ್ತಿದ್ದರು. ಈಗ ಅದೇ ಕೆಲಸವನ್ನು ಟೆಲಿಗ್ರಾಂ ಗುಂಪುಗಳು ಮಾಡುತ್ತವೆ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರವನ್ನು ಕದ್ದು ಚಿತ್ರೀಕರಿಸುವವರಿಗೆ, ಹಾಗೆ ಕದ್ದ ಪ್ರತಿಯನ್ನು ಪ್ರದರ್ಶಿಸಿ ಹರಡುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ. ದಂಡ ಚಿತ್ರದ ನಿರ್ಮಾಣ ವೆಚ್ಚದ ಶೇ 5ರವರೆಗೂ ಏರಬಹುದು. ಕಾನೂನು ಬದಿಗಿರಲಿ, ಕಳ್ಳ ತಾಣದಿಂದ ಚಿತ್ರ ಇಳಿಸುವ ಫೋನೇ ಬ್ಯಾಂಕಿನ ಹಣ ಕಳಿಸುವ ಫೋನೂ ಹೌದು. ಚಿತ್ರದ ಜೊತೆ ಇನ್ನೇನು ಇಳಿಯಿತು ಎಂಬುದು ಖಾತೆ ಬರಿದಾದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ಹಳೆಯ ಚಿತ್ರ ಬಯಸುವವರು ಹಣ ಕಟ್ಟುವ ಮುನ್ನ ಯೂಟ್ಯೂಬ್ ಒಮ್ಮೆ ಹುಡುಕುವುದು ಒಳ್ಳೆಯದು. ಹಕ್ಕುದಾರ ಸಂಸ್ಥೆಗಳೇ ಎಷ್ಟೋ ಹಳೆಯ ಕನ್ನಡ ಚಿತ್ರಗಳನ್ನು ಅಲ್ಲಿ ಜಾಹೀರಾತಿನೊಡನೆ ಉಚಿತವಾಗಿ ಇರಿಸಿವೆ. ಚಂದಾ ಕಟ್ಟಿದವರು ತಂತಾನೇ ನವೀಕರಣವಾಗುವ ಕರಾರಿನ ಮೇಲೆ ಕಣ್ಣಿಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ, ಹೀಗೆ ಹಣ ಕಡಿತವಾಗುವ 24 ಗಂಟೆ ಮೊದಲೇ ಗ್ರಾಹಕರಿಗೆ ಸೂಚನೆ ಬರಬೇಕು. ಚಂದಾ ಸೇರುವುದನ್ನು ಸುಲಭ ಮಾಡಿ, ಬಿಡುವುದನ್ನು ಚಕ್ರವ್ಯೂಹ ಮಾಡುವ ತಂತ್ರವನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗವೂ ಇದೆ.

ಉಳಿಯುವುದು ಯಾವುದು?

ಒಟ್ಟಿನಲ್ಲಿ ಹೇಳುವುದಾದರೆ, ಮನೆಮಂದಿಯೆಲ್ಲ ಕೂತು ನೋಡುವ ಹೊಸ ಚಿತ್ರಕ್ಕೆ ಬಾಡಿಗೆ ಕೊಡುವುದು ದುಬಾರಿಯಲ್ಲ. ಮೇಲಾಗಿ ದೂರದ ಪಟ್ಟಣಕ್ಕೆ ಹೋಗಲಾಗದ ವೃದ್ಧರಿಗೂ ಎಳೆಮಕ್ಕಳ ತಾಯಂದಿರಿಗೂ ಅದು ಹಿಂದೆಂದೂ ಇಲ್ಲದ ಅನುಕೂಲ. ಒಬ್ಬರೇ ನೋಡುವುದಾದರೆ ಕೆಲವು ವಾರ ಕಾಯುವುದು ಜಾಣತನ. ಆಗೊಮ್ಮೆ ಈಗೊಮ್ಮೆ ನೋಡುವವರಿಗೆ ಚಂದಾಕ್ಕಿಂತ ಬಾಡಿಗೆ ಮೇಲು. ಆದರೆ ‘ಖರೀದಿ’ ಎಂದು ಕೇಳುವ ಹೆಚ್ಚಿನ ಬೆಲೆಯನ್ನು, ಅದು ದೀರ್ಘಕಾಲದ ಬಾಡಿಗೆ ಎಂದೇ ತಿಳಿದು ಕೊಡಬೇಕು. ಅಷ್ಟು ಕೊಡಲು ಮನಸ್ಸಿಲ್ಲದಿದ್ದರೆ ಆ ಗುಂಡಿಯನ್ನು ಒತ್ತದಿರುವುದೇ ಸರಿ.

ಈ ಲೆಕ್ಕದಲ್ಲಿ ಗ್ರಾಹಕರ ಜೇಬಿಗಿಂತ ದೊಡ್ಡ ಸಂಗತಿಯೊಂದಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅಂದು ಚಿತ್ರಗಳ ಪ್ರತಿಗಳು ಕೆಲವೇ ಕೈಗಳಲ್ಲಿದ್ದವು. ಆ ಕೈಗಳು ಕಾಪಾಡದಿದ್ದಾಗ ಚಿತ್ರವೇ ಇಲ್ಲವಾಯಿತು. ಕ್ಯಾಸೆಟ್ಟು, ಡಿಸ್ಕುಗಳ ಎರಡು ಮೂರು ದಶಕಗಳಲ್ಲಿ ಮಾತ್ರ ಕನ್ನಡ ಚಿತ್ರಗಳ ಸಾವಿರಾರು ಪ್ರತಿಗಳು ಊರೂರುಗಳ ಅಟ್ಟ, ಬೀರುಗಳಲ್ಲಿ ಚದುರಿಹೋದವು. ಈಗ ಮತ್ತೆ ಎಲ್ಲ ಪ್ರತಿಗಳೂ ಕೆಲವೇ ಕಂಪನಿಗಳ ಯಂತ್ರಗಳಿಗೆ ಮರಳಿವೆ. ನೇರವಾಗಿ ಒಟಿಟಿಯಲ್ಲೇ ಬಿಡುಗಡೆಯಾದ ಚಿತ್ರಗಳಿವೆ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆ ನಿರ್ಮಿಸಿದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ 2020ರ ಜುಲೈನಲ್ಲಿ ಬಂದದ್ದು ಹಾಗೆಯೇ. ಇಂತಹ ಚಿತ್ರಗಳು ಒಪ್ಪಂದ ಮುಗಿದ ದಿನ ಎಲ್ಲಿಗೆ ಹೋಗುತ್ತವೆ ಎಂಬುದು ಪ್ರೇಕ್ಷಕರ ಕೈಯಲ್ಲಿಲ್ಲ. ಹಣ ಕೊಟ್ಟವರಿಗೆ ಒಂದು ಪ್ರತಿಯನ್ನು ನಿಜವಾಗಿ ತಮ್ಮದಾಗಿಸಿಕೊಳ್ಳುವ ಅವಕಾಶವನ್ನು ಯಾವುದಾದರೂ ಒಟಿಟಿ, ಸರ್ಕಾರದ್ದೇ ಆಗಲಿ ಖಾಸಗಿಯದೇ ಆಗಲಿ, ಕೊಟ್ಟಲ್ಲಿ ಆ ಬೆಲೆ 199 ಅಲ್ಲ, ಇನ್ನಷ್ಟು ಹೆಚ್ಚಾದರೂ ಸಾರ್ಥಕ. ಅಲ್ಲಿಯವರೆಗೆ ಹಳೆಯ ಡಿಸ್ಕುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳಿತು.